ಸಾಕ್ಷಿಯ ಮುಂದೆ ದಿನದ ಲೆಕ್ಕ



ಗಾಢನಿದ್ರೆಯಿಂದ ಎದ್ದವನು ‘ಸುಖವಾಗಿ ನಿದ್ರಿಸಿದೆ’ ಎನ್ನುತ್ತಾನೆ. ಕಣ್ಣು, ಕಿವಿ, ಮನಸ್ಸುಗಳೆಲ್ಲ ವಿರಮಿಸಿದ್ದಾಗ ಆ ಸುಖವನ್ನು ಅರಿತದ್ದು ಯಾವುದು? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಉತ್ತರ ‘ಸಾಕ್ಷಿ’. ಅದು ಜೀವನಿಗೆ ಸ್ವರೂಪಭೂತವಾದ ಇಂದ್ರಿಯ. ಮನಸ್ಸು ಜಡ, ಸಂಶಯ, ಭ್ರಮೆಗಳಿಗೆ ಒಳಗಾಗುವಂಥದು. ಸಾಕ್ಷಿಯಾದರೋ ನಮ್ಮ ಸುಖದುಃಖಗಳನ್ನು ಇದ್ದುದು ಇದ್ದಂತೆಯೇ ಗ್ರಹಿಸುತ್ತದೆ. ಅನುವ್ಯಾಖ್ಯಾನದ ಈ ತತ್ತ್ವವನ್ನು ಶ್ರೀಜಯತೀರ್ಥರು ನ್ಯಾಯಸುಧೆಯಲ್ಲಿ ವಿಸ್ತರಿಸಿದ್ದಾರೆ. ಇದು ವಿದ್ವತ್ಸಭೆಗೆ ಮಾತ್ರ ಮೀಸಲಾದ ವಿಷಯವಲ್ಲ. ನಮ್ಮ ನಿತ್ಯಜೀವನಕ್ಕೂ ದಾರಿದೀಪ.

ಉದ್ಯೋಗನಿಮಿತ್ತ ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಮನಸ್ಸು ನಮ್ಮ ಬಗೆಗೆ ಎರಡು ವಿಧದ ತೀರ್ಪು ಕೊಡುತ್ತದೆ. ಲೋಕಲ್ ಗಾಡಿಯ ಅವಸರದಲ್ಲಿ ಸಂಧ್ಯಾವಂದನೆಯು ಹತ್ತು ಗಾಯತ್ರಿಗೇ ಮುಗಿದ ದಿನ ‘ನಾನು ಭ್ರಷ್ಟ’ ಎನ್ನುತ್ತದೆ. ಏಕಾದಶಿಯ ಉಪವಾಸ ಸಾಂಗವಾಗಿ ನಡೆದ ದಿನ ‘ನನ್ನಂಥ ನಿಷ್ಠಾವಂತ ಈ ಕಟ್ಟಡದಲ್ಲೇ ಇಲ್ಲ’ ಎನ್ನುತ್ತದೆ. ಮೊದಲನೆಯದರಿಂದ ಹತಾಶೆ ಹುಟ್ಟಿ, ‘ಹೇಗೂ ಕೆಟ್ಟಿತು’ ಎಂದು ಆ ಹತ್ತು ಗಾಯತ್ರಿಯನ್ನೂ ಬಿಡುತ್ತೇವೆ. ಎರಡನೆಯದರಿಂದ ಅಹಂಕಾರ ಬೆಳೆಯುತ್ತದೆ. ಎರಡಕ್ಕೂ ಮೂಲ ಒಂದೇ: ‘ನಾನೇ ಸ್ವತಂತ್ರ ಕರ್ತಾ’ ಎಂಬ ಭ್ರಮೆ.

ಹಾಗಾದರೆ ವಿಧಿನಿಷೇಧಗಳೇ ಬೇಡವೇ? ಹಾಗಲ್ಲ. ಕರ್ಮಲೋಪವು ಲೋಪವೇ; ಅದಕ್ಕೆ ಶಾಸ್ತ್ರವು ಪ್ರಾಯಶ್ಚಿತ್ತವನ್ನೂ ಹೇಳಿದೆ. ನಾವು ಬಿಡಬೇಕಾದುದು ಕರ್ಮವಿವೇಕವನ್ನಲ್ಲ, ನಮ್ಮ ಮೇಲೆ ನಾವೇ ಹೊರಡಿಸುವ ಅಂತಿಮ ತೀರ್ಪನ್ನು. ಜೀವರ ಯೋಗ್ಯತೆಯನ್ನು ಅರಿತು ಫಲ ಕೊಡುವವನು ಶ್ರೀಹರಿ. ಗೀತೆಯ 13ನೆಯ ಅಧ್ಯಾಯವು ಅವನನ್ನೇ ‘ಉಪದ್ರಷ್ಟಾ’ ಎಂದು ಕರೆಯುತ್ತದೆ. ಒಂದೇ ಮರದ ಎರಡು ಹಕ್ಕಿಗಳಲ್ಲಿ ಒಂದು ಹಣ್ಣು ತಿನ್ನುತ್ತಿದೆ, ಮತ್ತೊಂದು ನೋಡುತ್ತಿದೆ ಎಂಬ ಮುಂಡಕೋಪನಿಷತ್ತಿನ ದೃಷ್ಟಾಂತವೂ ಪ್ರಸಿದ್ಧವೇ. ನಮ್ಮನ್ನು ಸದಾ ನೋಡುವವನು ನಮ್ಮ ಹೃದಯದಲ್ಲೇ ಇರುವಾಗ ಅವನಿಗೆ ಮುಚ್ಚಿಡುವುದೇನು, ಮೆರೆಸಿ ತೋರಿಸುವುದೇನು?

ಆದ್ದರಿಂದ ಮಲಗುವ ಮುನ್ನ ಹರಿಸ್ಮರಣೆ ಮಾಡಿ ಅಂದಿನ ದಿನವನ್ನೊಮ್ಮೆ ನೋಡೋಣ. ಅಂಗಡಿಯ ಗುಮಾಸ್ತನು ಖರ್ಚು ಕಂಡು ಅಳುವುದಿಲ್ಲ, ಜಮೆ ಕಂಡು ಬೀಗುವುದಿಲ್ಲ. ಹಣ ಧಣಿಯದೆಂದು ಬಲ್ಲ ಅವನು ಕಂಡುದನ್ನು ಕಂಡಂತೆ ಬರೆಯುತ್ತಾನೆ. ಸಿಟ್ಟು ಯಾವಾಗ ಬಂತು? ಊರಿನಿಂದ ಬಂದಿರುವ ತಾಯಿಯೊಡನೆ ಎಷ್ಟು ಹೊತ್ತು ಕುಳಿತೆವು? ಆಚಮನದ ಅರ್ಥ ಕೇಳಿದ ಮಗುವಿಗೆ ‘ಸುಮ್ಮನೆ ಮಾಡು’ ಎಂದೆವೇ? ಹೀಗೆ ನೋಡಿದಾಗ ಕಾರಣವೂ ಕಾಣುತ್ತದೆ. ಮುಂಜಾನೆಯ ಅವಸರಕ್ಕೆ ಲೋಕಲ್ ಗಾಡಿಯೊಂದೇ ಕಾರಣವಲ್ಲ, ಹಿಂದಿನ ರಾತ್ರಿ ದೂರದರ್ಶನದ ಮುಂದೆ ಕಳೆದ ಹೊತ್ತೂ ಕಾರಣ ಎಂದು ತಿಳಿಯುತ್ತದೆ. ತನ್ನನ್ನು ಹಳಿದುಕೊಂಡವನಿಗೆ ಉಳಿಯುವುದು ದುಃಖ. ಕಾರಣವನ್ನು ಕಂಡವನಿಗೆ ದೊರೆಯುವುದು ನಾಳೆಯ ಕಾಲು ಗಂಟೆ.

ಲೋಪವನ್ನೂ ಲಾಭವನ್ನೂ ಬಿಂಬಮೂರ್ತಿಯ ಮುಂದಿಟ್ಟು ಮಲಗೋಣ. ಲೆಕ್ಕ ಬರೆಯುವುದು ನಮ್ಮ ಕೆಲಸ, ತೀರಿಸುವವನು ಅವನು.

॥ ಶ್ರೀಕೃಷ್ಣಾರ್ಪಣಮಸ್ತು ॥