ಮನೆಯನ್ನು ಉಳಿಸುವ ಧರ್ಮ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಕಟ್ಟಿದ ಮನೆಯನ್ನು ಮೂರು ತಲೆಮಾರು ಉಳಿಸಿ ನೋಡು ಎಂದು ಅವರು ಹೇಳಲಿಲ್ಲ. ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಬಾಳುವರೆಂಬ ನಂಬಿಕೆ ಅವರಿಗಿದ್ದಿರಬೇಕು. ಆ ನಂಬಿಕೆ ಸಡಿಲಗೊಂಡಿರುವ ಈ ಕಾಲದಲ್ಲಿ, ಹಿರಿಯರ ಮನೆಯನ್ನು ಇದ್ದಂತೆಯೇ ಉಳಿಸುವುದು ಕರ್ತವ್ಯವೇ, ಬರಿಯ ಮೋಹವೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಇದಕ್ಕೆ ಲಂಡನ್ನಿನ ಮನೆಯೊಂದು ಒಳ್ಳೆಯ ನಿದರ್ಶನ. 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್ ಮತ್ತು ಆತನ ಪತ್ನಿ ಮೇರಿಯನ್ 1875ರಲ್ಲಿ ಕೆನ್ಸಿಂಗ್ಟನ್ನಿನ ಸ್ಟಾಫರ್ಡ್ ಟೆರೇಸಿನ 18ನೆಯ ಮನೆಯಲ್ಲಿ ಸಂಸಾರ ಹೂಡಿದರು. ವಿಕ್ಟೋರಿಯಾ ರಾಣಿಯ ಕಾಲದ ಅಭಿರುಚಿಯಂತೆ ಗೋಡೆ ತುಂಬ ಚಿತ್ರಗಳು, ನೀಲಿ ಬಿಳಿ ಪಿಂಗಾಣಿ, ಬಣ್ಣದ ಗಾಜಿನ ಕಿಟಕಿಗಳಿಂದ ಅದನ್ನು ಅಲಂಕರಿಸಿದರು. 1910ರಲ್ಲಿ ಸ್ಯಾಂಬೋರ್ನ್ ತೀರಿಕೊಂಡನು. ಅವಿವಾಹಿತನಾಗಿಯೇ ಉಳಿದ ಮಗ ರಾಯ್, 1946ರಲ್ಲಿ ತಾನು ಕಣ್ಮುಚ್ಚುವವರೆಗೆ ಅಲ್ಲಿ ಹೆಚ್ಚೇನನ್ನೂ ಬದಲಿಸಲಿಲ್ಲ.

ರಾಯ್ ಮಾಡಿದ್ದು ಪಿತೃಭಕ್ತಿಯೋ, ಏನನ್ನೂ ಬಿಡಲಾಗದ ದೌರ್ಬಲ್ಯವೋ? ಎರಡೂ ಇದ್ದಿರಬಹುದು. ಆ ಮನೆ ಅವನೊಡನೆಯೇ ಮುಗಿದಿದ್ದರೆ ಅದನ್ನು ಮೋಹವೆಂದೇ ನಾವು ಕರೆಯುತ್ತಿದ್ದೆವು. ಆದರೆ ಮುಂದೆ ಅದು ಸ್ಯಾಂಬೋರ್ನನ ಮೊಮ್ಮಗಳು ಆ್ಯನ್‌ಳ ಕೈ ಸೇರಿತು. ವಿಕ್ಟೋರಿಯಾ ಕಾಲದ ಕಟ್ಟಡಗಳೆಂದರೆ ಜನ ಮೂಗು ಮುರಿಯುತ್ತಿದ್ದ, ನಿರ್ದಾಕ್ಷಿಣ್ಯವಾಗಿ ಕೆಡಹುತ್ತಿದ್ದ ದಿನಗಳವು. ಅವುಗಳ ರಕ್ಷಣೆಗೆಂದು 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಸ್ಥಾಪನೆಯಾದುದು ಇದೇ ಮನೆಯಲ್ಲಿ. 1980ರಿಂದ ಮನೆ ಸಾರ್ವಜನಿಕರಿಗೆ ತೆರೆದಿದೆ. ಒಬ್ಬರ ಮಮತೆ ಎಲ್ಲರ ಸೊತ್ತಾದಾಗ ಅದು ಧರ್ಮವಾಯಿತೆಂದು ನಮಗೆ ತೋರುತ್ತದೆ.

ಒಲೆ ಉರಿಯದ, ಮಗು ಅಳದ ಮನೆ ಮನೆಯೇ ಎಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆ. ಅಂತಹ ಮನೆ ವಾಸಕ್ಕಲ್ಲ, ಪಾಠಕ್ಕೆ. ಆದರೆ ಪಾಠ ಪೂರ್ಣವಾಗಬೇಕಾದರೆ ಯಜಮಾನನ ಕುರ್ಚಿಯೊಡನೆ, ಆ ಪಿಂಗಾಣಿಯ ಧೂಳು ಒರೆಸಿದ ಸೇವಕಿಯರ ದುಡಿಮೆಯೂ ನೋಡುವವರ ಗಮನಕ್ಕೆ ಬರಬೇಕು.

ನಮ್ಮ ಕಾಸರಗೋಡಿನತ್ತ ನೋಡೋಣ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಾವರಣ, ಅವರ ಕವನ ಸಂಕಲನದ ಹೆಸರನ್ನೇ ಹೊತ್ತು 'ಗಿಳಿವಿಂಡು' ಸ್ಮಾರಕವಾಗಿದೆ. ಅದು ನಮಗೆ ಹೆಮ್ಮೆ. ಆದರೆ ನಮ್ಮದೇ ಮನೆಗಳ ಗತಿ? ಹಂಚಿನ ಮನೆ ಕೆಡಹಿ ತಾರಸಿ ಕಟ್ಟಿದವರು ನಾವೇ. ಅಜ್ಜನ ಕಾಲದ ಭತ್ತದ ಪತ್ತಾಯವನ್ನು ಮರದ ಬೆಲೆಗೆ ಮಾರಿದವರೂ ನಾವೇ. ಮಳೆಗಾಲದ ಸೋರಿಕೆ, ಪಾಲಿನ ತಕರಾರು, ಊರು ಬಿಟ್ಟ ಮಕ್ಕಳು ಎಂಬ ಕಾರಣಗಳು ಸುಳ್ಳಲ್ಲ. ಆದರೂ ಮಾರುವ ಮುನ್ನ ಮಕ್ಕಳನ್ನು ಕರೆದು, ಇದರಲ್ಲಿ ಯಾರ ಗದ್ದೆಯ ಭತ್ತ ತುಂಬುತ್ತಿತ್ತು, ಅದನ್ನು ಯಾರು ಹೊತ್ತು ತರುತ್ತಿದ್ದರು ಎಂದು ಹೇಳಿದೆವೇ? ಇಲ್ಲ.

ಎಲ್ಲ ಮನೆಗಳನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಆದರೆ ಕೆಡಹುವ ಮುನ್ನ ಒಂದು ದಿನ ಮನೆಮಂದಿಯೆಲ್ಲ ಚಾವಡಿಯಲ್ಲಿ ಕುಳಿತು, ನೆನಪಿರುವುದನ್ನು ನಮ್ಮ ಭಾಷೆಯಲ್ಲಿ ಬರೆದಿಡಬಹುದು. ಅಷ್ಟಾದರೂ ನಮ್ಮ ಕೈಯಲ್ಲಿದೆ.