ರೋಗಿಯ ಅನುಭವವೂ ಒಂದು ಅಮಾನತ್



ದೇಹವು ಅಲ್ಲಾಹನ ಅಮಾನತ್, ಸಂಪತ್ತು ಅಮಾನತ್, ಆಯುಷ್ಯ ಅಮಾನತ್ ಎಂದು ನಾವು ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ರೋಗದ ವಿಷಯದಲ್ಲಿ ಹೀಗೆ ಚಿಂತಿಸುವವರು ಕಡಿಮೆ. ವರ್ಷಗಟ್ಟಲೆ ಒಂದು ಕಾಯಿಲೆಯೊಡನೆ ಬಾಳಿದವನು ಅದರಿಂದ ಕಲಿತ ಪಾಠಗಳಿವೆಯಲ್ಲ, ಅವು ಕೂಡ ಅಲ್ಲಾಹನು ಅವನ ಕೈಗೆ ಒಪ್ಪಿಸಿದ ಅಮಾನತೇ ಆಗಿವೆ. ಅದೇ ಕಾಯಿಲೆಯಿಂದ ನರಳುವ ಮತ್ತೊಬ್ಬನಿಗೆ ಅದನ್ನು ತಲುಪಿಸುವ ಹೊಣೆ ಅವನ ಮೇಲಿದೆ. ಈ ಮಾತನ್ನು ಒಂದು ಅಪರೂಪದ ರೋಗವನ್ನು ಮುಂದಿಟ್ಟುಕೊಂಡು ಸ್ವಲ್ಪ ವಿವರವಾಗಿ ನೋಡೋಣ.

ಮಯಸ್ತೇನಿಯಾ ಗ್ರೇವಿಸ್ ಎಂಬ ರೋಗವಿದೆ. ರೋಗಾಣುಗಳ ವಿರುದ್ಧ ಕಾವಲು ನಿಲ್ಲಬೇಕಾದ ದೇಹದ ರೋಗನಿರೋಧಕ ಶಕ್ತಿಯು ದಾರಿ ತಪ್ಪಿ, ತನ್ನದೇ ಮನೆಯ ಮೇಲೆ ಬೀಳುವ ರೋಗಗಳಲ್ಲಿ ಇದೂ ಒಂದು. ನಮ್ಮ ನರವು ಸ್ನಾಯುವಿಗೆ 'ಚಲಿಸು' ಎಂಬ ಸಂದೇಶವನ್ನು ಒಂದು ರಾಸಾಯನಿಕದ ಮೂಲಕ ಕಳುಹಿಸುತ್ತದೆ. ಸ್ನಾಯುವಿನಲ್ಲಿ ಆ ಸಂದೇಶವನ್ನು ಪಡೆಯುವ ಬಾಗಿಲುಗಳನ್ನೇ ದೇಹದ ಪ್ರತಿಕಾಯಗಳು ಮುಚ್ಚಿ ಹಾಳುಗೆಡಹುತ್ತವೆ. ಸಂದೇಶ ಹೋಗುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ. ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಅಗಿಯುವುದು, ನುಂಗುವುದು, ಮಾತಾಡುವುದು ಕಷ್ಟವಾಗುತ್ತದೆ. ಕೈಕಾಲು ಸೋಲುತ್ತವೆ. ವಿಶ್ರಾಂತಿ ಪಡೆದರೆ ಶಕ್ತಿ ಮರಳುತ್ತದೆ, ಕೆಲಸ ಮಾಡಿದಂತೆಲ್ಲ ಕರಗುತ್ತದೆ. ಕೆಲವೊಮ್ಮೆ ಉಸಿರಾಟದ ಸ್ನಾಯುಗಳೇ ಸೋತು ಪ್ರಾಣಾಪಾಯವೂ ಒದಗುವುದುಂಟು.

ಈಗ ನಮ್ಮ ಕಡೆಯ ಬದುಕನ್ನು ನೆನಪಿಸಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪು ಕಿತ್ತು ಬ್ಯಾರನ್‌ನ ಬಿಸಿಯಲ್ಲಿ ಹದ ಮಾಡುವವರಿದ್ದಾರೆ. ಕೆ.ಆರ್. ನಗರದ ಭತ್ತದ ಗದ್ದೆಗಳಲ್ಲಿ ಬಾಗಿ ನಾಟಿ ಹಾಕುವವರಿದ್ದಾರೆ. ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಿಂದ ಕೂಲಿಗೆ ಹೋಗುವವರಿದ್ದಾರೆ. ಅಂಥ ಮನೆಯೊಂದರ ಹೆಣ್ಣುಮಗಳಿಗೆ ಈ ರೋಗ ಬಂತೆಂದು ಇಟ್ಟುಕೊಳ್ಳಿ. ಬೆಳಿಗ್ಗೆ ಫಜ್ರ್ ನಮಾಝಿಗೆ ಎದ್ದು ಚೆನ್ನಾಗಿಯೇ ಕೆಲಸ ಮಾಡುತ್ತಾಳೆ. ಮಧ್ಯಾಹ್ನಕ್ಕೆ ಕೈ ಸೋಲುತ್ತದೆ. ಇಶಾ ಹೊತ್ತಿಗೆ ತಲೆ ನೆಟ್ಟಗೆ ನಿಲ್ಲುವುದಿಲ್ಲ. ಬಿಸಿಲು, ಬೆಂಕಿಯ ಕಾವು ಹೆಚ್ಚಿದಷ್ಟೂ ನಿತ್ರಾಣ ಹೆಚ್ಚುತ್ತದೆ. ಜ್ವರವಿಲ್ಲ, ಗಾಯವಿಲ್ಲ, ಊತವಿಲ್ಲ. ಆದ್ದರಿಂದ ಮನೆಯವರು ಸೋಮಾರಿ ಎನ್ನುತ್ತಾರೆ. ನೆರೆಯವರು ಮಾಟ ಎನ್ನುತ್ತಾರೆ. ಮತ್ತೊಬ್ಬರು ಜಿನ್ನ್‌ನ ಕಾಟವೆಂದು ತಾಯಿತ ಕಟ್ಟಿಸಲು ಕರೆದೊಯ್ಯುತ್ತಾರೆ. 'ಯಾವ ಪಾಪದ ಫಲವೋ' ಎಂದು ಹೇಳಿ ಹೋಗುವವರೂ ಇರುತ್ತಾರೆ. ಕೊನೆಗೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಜನರು ಅದನ್ನು ಸಹನೆ ಎಂದು ಹೊಗಳುತ್ತಾರೆ.

ಆದರೆ ಇಸ್ಲಾಮ್ ಕಲಿಸಿದ ಸಹನೆ ಇದೇ ಏನು?

ಪವಿತ್ರ ಕುರ್‌ಆನ್‌ನಲ್ಲಿ ಸಹನೆಯ ಮಾದರಿಯಾಗಿ ನಿಂತವರು ಪ್ರವಾದಿ ಅಯ್ಯೂಬ್(ಅ). ಸೂರಃ ಅಲ್ ಅಂಬಿಯಾದ 83ನೆಯ ಸೂಕ್ತದಲ್ಲಿ ಅವರು ತಮ್ಮ ಪ್ರಭುವನ್ನು ಕೂಗಿ, ತನಗೆ ಸಂಕಷ್ಟ ತಗಲಿದೆಯೆಂದು ಬಾಯಿಬಿಟ್ಟು ಹೇಳಿಕೊಂಡುದನ್ನು ಕಾಣುತ್ತೇವೆ. ಹೀಗೆ ಹೇಳಿಕೊಂಡ ಅಯ್ಯೂಬರನ್ನೇ ಅಲ್ಲಾಹನು ಸಹನಶೀಲರೆಂದು ಸೂರಃ ಸ್ವಾದ್‌ನಲ್ಲಿ ಪ್ರಶಂಸಿಸಿದ್ದಾನೆ. ಅಂದರೆ ನೋವನ್ನು ಹೇಳಿಕೊಳ್ಳುವುದು ಸಹನೆಗೆ ಕುಂದಾಗಲಿಲ್ಲ. ಪ್ರವಾದಿಗಳಿಗೇ ರೋಗ ಬಂದಿರುವಾಗ, ಪ್ರತಿ ರೋಗವನ್ನೂ ಪಾಪದ ಶಿಕ್ಷೆಯೆಂದು ತೀರ್ಪು ಕೊಡುವ ಅಧಿಕಾರ ನಮಗೆಲ್ಲಿಂದ ಬಂತು?

ಇನ್ನೊಂದು ಘಟನೆ ಸಹೀಹ್ ಬುಖಾರಿಯಲ್ಲಿದೆ. ಒಮ್ಮೆ ಹಝ್ರತ್ ಆಇಶಾ(ರ) ತಲೆನೋವಿನಿಂದ ಬಳಲಿ ಅಯ್ಯೋ ತಲೆಯೇ ಎಂದರು. ಪ್ರವಾದಿ(ಸ) ಅವರನ್ನು ಗದರಿಸಲಿಲ್ಲ, ಸಹನೆಯ ಉಪದೇಶ ಮಾಡಲಿಲ್ಲ. ತಮ್ಮ ತಲೆಯೂ ನೋಯುತ್ತಿದೆ ಎಂದು ತಮ್ಮ ನೋವನ್ನೂ ಹೇಳಿಕೊಂಡರು. ರೋಗಿಯು ತನಗೆ ನೋವಿದೆಯೆಂದು ಹೇಳಿಕೊಳ್ಳಲು ಇರುವ ಅನುಮತಿಯ ಬಗ್ಗೆ ಇಮಾಮ್ ಬುಖಾರಿಯವರು ಒಂದು ಪ್ರತ್ಯೇಕ ಅಧ್ಯಾಯವನ್ನೇ ಇರಿಸಿದ್ದಾರೆ. ಅಲ್ಲಾಹನ ತೀರ್ಮಾನದ ವಿರುದ್ಧ ಗೊಣಗುವುದು ಬೇರೆ, ತನ್ನ ಸ್ಥಿತಿಯನ್ನು ಬಲ್ಲವರಲ್ಲಿ ತಿಳಿಸುವುದು ಬೇರೆ. ನೋವಿನಲ್ಲಿರುವವರಿಗೆ 'ನನಗೂ ಹಾಗೇ ಆಗಿದೆ' ಎಂಬ ಒಂದು ಮಾತು ಎಷ್ಟು ದೊಡ್ಡ ಸಾಂತ್ವನವೆಂಬುದನ್ನು ನಾವು ಆ ಮನೆಯಿಂದಲೇ ಕಲಿಯಬೇಕು.

ಈಗ ಹಝ್ರತ್ ಇಮ್ರಾನ್ ಬಿನ್ ಹುಸೈನ್(ರ) ಅವರ ಕಡೆಗೆ ಬನ್ನಿ. ಅವರು ಮೂಲವ್ಯಾಧಿಯಿಂದ ಬಳಲುತ್ತಿದ್ದ ಸಹಾಬಿ. ಹೊಟ್ಟೆಯ ಬೇನೆಯಿಂದಲೂ ದೀರ್ಘಕಾಲ ಹಾಸಿಗೆ ಹಿಡಿದಿದ್ದರೆಂದು ಚರಿತ್ರೆಗಳು ಹೇಳುತ್ತವೆ. ತಾನು ನಮಾಝ್ ಹೇಗೆ ಮಾಡಬೇಕೆಂದು ಅವರು ಪ್ರವಾದಿಯವರನ್ನು(ಸ) ಕೇಳಿದರು. ನಿಂತು ಮಾಡಲು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡುವಂತೆ ಉತ್ತರ ದೊರೆಯಿತು. ಸಹೀಹ್ ಬುಖಾರಿಯಲ್ಲಿ ಈ ಹದೀಸ್ ಇದೆ.

ಸ್ವಲ್ಪ ಯೋಚಿಸಿ. ಇಮ್ರಾನ್(ರ) ಸಂಕೋಚಪಟ್ಟು ಸುಮ್ಮನಿದ್ದಿದ್ದರೆ? ಮೂಲವ್ಯಾಧಿಯೆಂದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಕಾಯಿಲೆಯೇ? ಆದರೆ ಅವರು ಕೇಳಿದರು. ಕೇಳಿ ತಿಳಿದುದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಇತರರಿಗೂ ತಿಳಿಸಿದರು. ಇಂದು ನಮ್ಮ ಮಸೀದಿಗಳ ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುವ ಪ್ರತಿಯೊಬ್ಬ ವೃದ್ಧನೂ, ಆಸ್ಪತ್ರೆಯ ಹಾಸಿಗೆಯಲ್ಲಿ ಸನ್ನೆಯಿಂದ ರುಕೂಅ್ ಮಾಡುವ ಪ್ರತಿಯೊಬ್ಬ ರೋಗಿಯೂ ಆ ಒಬ್ಬ ರೋಗಿಯ ಪ್ರಶ್ನೆಗೆ ಋಣಿ. ಒಬ್ಬನ ಕಾಯಿಲೆಯ ಅನುಭವವು ಇಡೀ ಸಮುದಾಯಕ್ಕೆ ರಹ್ಮತ್ ಆದುದು ಹೀಗೆ. ಅಮಾನತ್ ಎಂದು ನಾನು ಹೇಳಿದ್ದು ಇದನ್ನೇ.

ಅಪರೂಪದ ರೋಗಿಗೆ ಇರುವ ದೊಡ್ಡ ಕಷ್ಟವೆಂದರೆ, ತನ್ನಂಥವನು ಲೋಕದಲ್ಲಿ ಬೇರೆ ಯಾರೂ ಇಲ್ಲವೆಂಬ ಭಾವನೆ. ಇದು ಸರಿಯೇ ಎಂದು ಲೆಕ್ಕ ಹಾಕಿ ನೋಡೋಣ. ಮಯಸ್ತೇನಿಯಾ ರೋಗವು ಲಕ್ಷ ಜನರಲ್ಲಿ ಸುಮಾರು 10ರಿಂದ 20 ಮಂದಿಯಲ್ಲಿ ಇರುತ್ತದೆಂದು ಹಲವು ದೇಶಗಳ ಅಂದಾಜು. 2011ರ ಜನಗಣತಿಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ ಒಟ್ಟಿಗೆ ಸುಮಾರು 10 ಲಕ್ಷ. ಸರಗೂರು, ಸಾಲಿಗ್ರಾಮಗಳು ಆಗ ಇವುಗಳಲ್ಲೇ ಸೇರಿದ್ದವು. ಆ ಅಂದಾಜು ನಮ್ಮಲ್ಲಿಗೂ ಹೊಂದುವುದಾದರೆ ಈ ಸೀಮೆಯಲ್ಲೇ ನೂರು ಮಂದಿಯಾದರೂ ಇರಬೇಕು. ಕೆಲವರಿಗೆ ರೋಗದ ಹೆಸರೇ ತಿಳಿದಿರಲಾರದು. ತಿಳಿದವರಲ್ಲಿಯೂ ಹೆಚ್ಚಿನವರು ತಾನೊಬ್ಬನೇ ಎಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿರಬಹುದು. ಒಂದೇ ಬಸ್ಸಿನಲ್ಲಿ ಮೈಸೂರಿಗೆ ಹೋಗುವ ಇಬ್ಬರು ಒಂದೇ ಮಾತ್ರೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಪರಸ್ಪರ ಅರಿಯದೆ ಇಳಿದು ಹೋಗುತ್ತಿರಬಹುದು.

ಬೇರೆಡೆ ಜನರು ಈ ಗೋಡೆಯನ್ನು ಒಡೆದಿದ್ದಾರೆ. ಅಮೆರಿಕದಲ್ಲಿ ಜೇನ್ ಎಲ್ಸ್‌ವರ್ತ್ ಎಂಬ ತಾಯಿಯ ಮಗಳಿಗೆ ಈ ರೋಗ ತಗಲಿತ್ತು. ಮಾಹಿತಿಗಾಗಿ ಅಲೆದ ಆ ತಾಯಿ 1952ರಲ್ಲಿ ಮಯಸ್ತೇನಿಯಾ ರೋಗಿಗಳಿಗಾಗಿ ಒಂದು ಪ್ರತಿಷ್ಠಾನವನ್ನೇ ಕಟ್ಟಿದಳು. ನಮ್ಮ ದೇಶದಲ್ಲೂ ಉದಾಹರಣೆಯಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಇದೇ ರೀತಿ ದೇಹದ ಕಾವಲು ಶಕ್ತಿಯು ನರಗಳ ಹೊದಿಕೆಯ ಮೇಲೆಯೇ ಎರಗುವ ಇನ್ನೊಂದು ರೋಗ. ಆ ರೋಗದಿಂದ ಸ್ವತಃ ಬಳಲುತ್ತಿದ್ದ ಮುಂಬಯಿಯ ರಹ್ಮತ್ ಫಝಲ್‌ಭಾಯ್ ಎಂಬ ಮಹಿಳೆ 1985ರಲ್ಲಿ ರೋಗಿಗಳಿಗಾಗಿ ಭಾರತೀಯ ಸಂಘವೊಂದನ್ನು ಹುಟ್ಟುಹಾಕಿದರು. ಅದರ ಶಾಖೆ ಬೆಂಗಳೂರಿನಲ್ಲೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾನೂನಿನಲ್ಲಿ ಆ ರೋಗದ ಹೆಸರು ಸೇರಿದೆ. ಕಾಯಿಲೆಯ ಮಹಿಳೆಯೊಬ್ಬಳು ತನ್ನ ನೋವನ್ನು ಇತರರಿಗೆ ದಾರಿಯಾಗಿ ಮಾಡಿದ ಬಗೆಯಿದು.

ರೋಗಿಯೊಬ್ಬ ರೋಗಿಗೆ ಕೊಡಬಹುದಾದುದೇನು? ವೈದ್ಯರು ಔಷಧ ಕೊಡುತ್ತಾರೆ. ಅದರೊಡನೆ ದಿನವನ್ನು ಕಳೆಯುವ ಬಗೆಯನ್ನು ಅನುಭವಿಯೇ ಬಲ್ಲ. ಮಾತ್ರೆಯ ಬಲವಿರುವಾಗ ಊಟ ಮುಗಿಸುವುದು, ರೊಟ್ಟಿಯ ಬದಲು ಮೆತ್ತಗಿನ ಅನ್ನ, ಗಂಜಿ ನುಂಗುವುದು, ಅಡುಗೆಯನ್ನು ಕುಳಿತು ಮಾಡುವುದು, ಭಾರದ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು, ಇವೆಲ್ಲ ಸಣ್ಣ ಸಂಗತಿಗಳಂತೆ ಕಾಣುತ್ತವೆ. ಕೆಲವು ಆಂಟಿಬಯೋಟಿಕ್‌ಗಳು ಈ ರೋಗವನ್ನು ಉಲ್ಬಣಗೊಳಿಸುತ್ತವೆ, ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಮೊದಲು ರೋಗದ ಹೆಸರು ಹೇಳಬೇಕು ಎಂಬ ಒಂದು ಮಾತು ಪ್ರಾಣವನ್ನೇ ಉಳಿಸಬಹುದು.

ಆದರೆ ಇಲ್ಲಿ ಎಚ್ಚರವೂ ಬೇಕು. ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಪ್ರಸಂಗವಿದೆ. ಚೇಳು ಕಚ್ಚಿದವರಿಗೆ ಮಂತ್ರಿಸುವ ವಾಡಿಕೆಯಿದ್ದ ಮನೆತನವೊಂದು, ಅದನ್ನು ಮುಂದುವರಿಸಬಹುದೇ ಎಂದು ಪ್ರವಾದಿಯವರಲ್ಲಿ(ಸ) ವಿಚಾರಿಸಿತು. ಅವರು ಅದರ ಪದಗಳನ್ನು ಮೊದಲು ಕೇಳಿ ನೋಡಿದರು, ದೋಷವಿಲ್ಲವೆಂದು ಕಂಡ ಮೇಲೆ, ತನ್ನ ಸಹೋದರನಿಗೆ ಉಪಕಾರ ಮಾಡಬಲ್ಲವನು ಮಾಡಲಿ ಎಂಬರ್ಥದ ಮಾತು ಹೇಳಿದರು. ಪರೀಕ್ಷೆ ಮೊದಲು, ಹಂಚಿಕೆ ಆಮೇಲೆ. ಆದ್ದರಿಂದ ತನಗೆ ಹಿಡಿಸಿದ ಮಾತ್ರೆಯನ್ನು ಇನ್ನೊಬ್ಬನಿಗೆ ಕೊಡಬಾರದು. ಸ್ಟೀರಾಯ್ಡ್ ಮಾತ್ರೆಯನ್ನು ಯಾರದೋ ಮಾತು ಕೇಳಿ ಥಟ್ಟನೆ ನಿಲ್ಲಿಸಬಾರದು, ಅದು ಅಪಾಯಕಾರಿ. ಒಬ್ಬರು ನಂಬಿ ಹೇಳಿಕೊಂಡ ಮನೆಯ ವಿಷಯವನ್ನು ಬೀದಿಗೆ ತರಬಾರದು. ಕೂಟದ ಮಾತುಗಳು ಅಮಾನತ್ ಎಂಬ ಪ್ರವಾದಿ(ಸ) ಬೋಧನೆ ಇಲ್ಲಿಯೂ ಅನ್ವಯಿಸುತ್ತದೆ.

ಚಿಕಿತ್ಸೆಯ ಬಗ್ಗೆ ನಿರಾಶೆ ಬೇಡ. ಅಲ್ಲಾಹನು ರೋಗವನ್ನು ಇಳಿಸುವಾಗ ಔಷಧವನ್ನೂ ಇರಿಸಿದ್ದಾನೆ, ಚಿಕಿತ್ಸೆ ಮಾಡಿಕೊಳ್ಳಿ ಎಂಬುದು ಪ್ರವಾದಿಯವರ(ಸ) ಆದೇಶ. ಒಂದು ಕಾಲದಲ್ಲಿ ಈ ರೋಗಕ್ಕೆ ಏನೂ ಇರಲಿಲ್ಲ. 1934ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಮೇರಿ ವಾಕರ್ ಒಂದು ಚುಚ್ಚುಮದ್ದಿನಿಂದ ಜೋತುಬಿದ್ದ ರೆಪ್ಪೆ ಎದ್ದುನಿಂತುದನ್ನು ತೋರಿಸಿದರು. ಅದೇ ಗುಂಪಿನ ಪಿರಿಡೋಸ್ಟಿಗ್ಮಿನ್ ಮಾತ್ರೆ ಇಂದು ಬಳಕೆಯಲ್ಲಿದೆ. ದೇಹದ ಕಾವಲು ಶಕ್ತಿಯನ್ನು ತಗ್ಗಿಸುವ ಔಷಧಗಳಿವೆ, ಕೆಲವರಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ನರರೋಗಗಳಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಸರಿಯಾದ ಚಿಕಿತ್ಸೆಯಿಂದ ಬಹಳಷ್ಟು ಮಂದಿ ದುಡಿದು, ಸಂಸಾರ ಮಾಡಿ ಬಾಳುತ್ತಿದ್ದಾರೆ. ತಾಯಿತದ ಹಿಂದೆ ಅಲೆದು ವರ್ಷಗಳನ್ನು ಕಳೆಯುವುದು ತವಕ್ಕುಲ್ ಆಗದು. ಔಷಧ ಸೇವಿಸಿ ದುಆ ಮಾಡುವುದೇ ತವಕ್ಕುಲ್.

ಆರಾಧನೆಯ ವಿಷಯದಲ್ಲೂ ರೋಗಿಯು ತನ್ನನ್ನು ಹಿಂಸಿಸಿಕೊಳ್ಳಬೇಕಾಗಿಲ್ಲ. ಪಿರಿಡೋಸ್ಟಿಗ್ಮಿನ್ ಮಾತ್ರೆಯನ್ನು ಕೆಲವು ಗಂಟೆಗಳಿಗೊಮ್ಮೆ ನುಂಗಬೇಕಾಗುತ್ತದೆ. ರಮಝಾನ್‌ನ ದೀರ್ಘ ಹಗಲಿನಲ್ಲಿ ಅದನ್ನು ಬಿಟ್ಟರೆ ನುಂಗುವುದೂ ಉಸಿರಾಡುವುದೂ ಕಷ್ಟವಾಗಬಹುದು. ಸೂರಃ ಅಲ್ ಬಕರಃದ 184 ಮತ್ತು 185ನೆಯ ಸೂಕ್ತಗಳು ರೋಗಿಗೆ ರಿಯಾಯಿತಿ ನೀಡಿವೆ. ಅಲ್ಲಾಹನು ನಮಗೆ ಸರಾಗವನ್ನು ಬಯಸುತ್ತಾನೆಂದೂ ಅಲ್ಲೇ ತಿಳಿಸಲಾಗಿದೆ. ಗುಣವಾಗುವ ನಿರೀಕ್ಷೆಯಿದ್ದವರು ಆಮೇಲೆ ಉಪವಾಸ ಹಿಡಿಯಬೇಕು, ಇಲ್ಲದವರು ಫಿದ್ಯಾ ಆಗಿ ಬಡವರಿಗೆ ಉಣಿಸಬೇಕು. ತನ್ನ ವೈದ್ಯರನ್ನೂ ತನ್ನ ಮದ್‌ಹಬ್ ಬಲ್ಲ ಆಲಿಮರನ್ನೂ ಕೇಳಿ ನಿರ್ಧರಿಸಲಿ. ಅಲ್ಲಾಹನೇ ಕೊಟ್ಟ ರಿಯಾಯಿತಿಯನ್ನು ಪಡೆದವರನ್ನು 'ಉಪವಾಸ ಬಿಟ್ಟವಳು' ಎಂದು ಆಡಿಕೊಳ್ಳುವ ನಾಲಿಗೆಗಳಿಗೆ ಅಲ್ಲಾಹನ ಭಯವಿರಲಿ.

ಆರೋಗ್ಯವಂತರಾದ ನಮ್ಮ ಹೊಣೆಯೇನು? ನಿರ್ಣಯದ ದಿನ ಅಲ್ಲಾಹನು, ತಾನು ರೋಗಿಯಾಗಿದ್ದಾಗ ಭೇಟಿಗೆ ಏಕೆ ಬರಲಿಲ್ಲವೆಂದು ದಾಸನನ್ನು ಪ್ರಶ್ನಿಸುವನೆಂದೂ, ರೋಗಿಯಾದ ದಾಸನ ಬಳಿಗೆ ಹೋಗಿದ್ದರೆ ಅಲ್ಲಾಹನನ್ನು ಅಲ್ಲೇ ಕಾಣಬಹುದಿತ್ತೆಂದು ಉತ್ತರ ಸಿಗುವುದೆಂದೂ ಹದೀಸ್‌ನಲ್ಲಿ ಬಂದಿದೆ. ಜ್ವರ ಬಂದವರನ್ನು ನೋಡಲು ನಾವು ಎರಡು ದಿನ ಹೋಗುತ್ತೇವೆ. ಹತ್ತು ವರ್ಷದ ರೋಗಿಯ ಮನೆಗೆ ಹನ್ನೊಂದನೆಯ ವರ್ಷ ಯಾರು ಹೋಗುತ್ತಾರೆ? ನಮ್ಮ ಮೊಹಲ್ಲಾಗಳಲ್ಲಿ ದೀರ್ಘ ರೋಗಿಗಳು ಎಷ್ಟಿದ್ದಾರೆಂದು ಮಸೀದಿಯ ಕಮಿಟಿ ತಿಳಿದುಕೊಳ್ಳಲಿ. ಅವರ ಒಪ್ಪಿಗೆ ಪಡೆದು, ಒಂದೇ ರೋಗವಿರುವವರನ್ನು ಪರಸ್ಪರ ಪರಿಚಯಿಸಲಿ. ಆಸ್ಪತ್ರೆಗೆ ಜೊತೆಗೆ ಹೋಗಲು ಒಬ್ಬ ಯುವಕನನ್ನು ಕಳಿಸಲಿ. ಅರ್ಹರಾದ ಬಡ ರೋಗಿಗಳಿಗೆ ಝಕಾತ್ ತಲುಪಲಿ. ರೋಗಕ್ಕೆ ಜಾತಿ ಮತಗಳಿಲ್ಲ. ತಮ್ಮ ಸೇವೆಯಲ್ಲಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗ ಪ್ರವಾದಿ(ಸ) ಅವನ ಮನೆಗೆ ಹೋಗಿ ತಲೆಯ ಬಳಿ ಕುಳಿತರು. ನಮ್ಮ ನೆರೆಯ ಹಿಂದೂ ರೋಗಿಯೂ ಆ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿದ್ದಾನೆ ಎಂಬುದನ್ನು ಮರೆಯದಿರೋಣ.

ರೋಗದಲ್ಲಿರುವ ಸಹೋದರ ಸಹೋದರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ನಿಮ್ಮ ದೇಹ ಸೋತಿರಬಹುದು, ಆದರೆ ನಿಮ್ಮ ಬಳಿಯಿರುವ ತಿಳುವಳಿಕೆ ಇನ್ನೊಬ್ಬರಿಗೆ ಬೇಕಾಗಿದೆ. ಪ್ರವಾದಿ ಮೂಸಾ(ಅ) ಕೂಡ ತಮ್ಮ ಬೆನ್ನಿಗೆ ಬಲವಾಗಿ ಹಾರೂನ್‌ರನ್ನು(ಅ) ಜೊತೆಗೆ ಕೊಡುವಂತೆ ಅಲ್ಲಾಹನಲ್ಲಿ ಬೇಡಿದರು. ಜೊತೆಗಾರರನ್ನು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ನಿಮ್ಮ ರೋಗದ ಹೆಸರನ್ನು ಹೇಳಿ. ಇನ್ನೊಬ್ಬ ರೋಗಿಯ ಸುದ್ದಿ ಕೇಳಿದರೆ ಹುಡುಕಿಕೊಂಡು ಹೋಗಿ, ಹೋಗಲಾಗದಿದ್ದರೆ ಫೋನ್ ಮಾಡಿ. ಅಂದು ಇಮ್ರಾನ್(ರ) ಕೇಳಿದ ಪ್ರಶ್ನೆ ನಿಮಗೆ ತಲುಪಿದಂತೆ, ನಿಮ್ಮ ಅನುಭವ ನಿಮ್ಮ ನಂತರದವರಿಗೆ ತಲುಪಲಿ.

ಅಲ್ಲಾಹನು ಎಲ್ಲ ರೋಗಿಗಳಿಗೆ ಪೂರ್ಣ ಶಿಫಾ ನೀಡಲಿ. ಗುಣವಾಗಲು ತಡವಾಗುವವರಿಗೆ ನೆಮ್ಮದಿಯನ್ನೂ ಒಳ್ಳೆಯ ಒಡನಾಡಿಗಳನ್ನೂ ಕರುಣಿಸಲಿ. ಅವರ ಹಕ್ಕನ್ನು ಅರಿತು ನಡೆಯುವ ಸೌಭಾಗ್ಯವನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.