ಬೆಕ್ಕಿನ ಬೇನೆ ಮತ್ತು ನಮ್ಮ ಹೊಣೆ



ಒಂದು ಬೆಕ್ಕಿನ ಕಾರಣದಿಂದ ನರಕಕ್ಕೆ ಗುರಿಯಾದ ಸ್ತ್ರೀಯ ಕುರಿತಾದ ಹದೀಸನ್ನು ನೀವು ಮಕ್ತಬಿನಲ್ಲೋ ಜುಮಾ ಭಾಷಣದಲ್ಲೋ ಕೇಳಿಯೇ ಇರುತ್ತೀರಿ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಆಕೆ ಬೆಕ್ಕನ್ನು ಕೂಡಿಹಾಕಿದಳು. ತಾನೂ ಉಣಿಸಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆಗಳನ್ನಾದರೂ ತಿಂದು ಬದುಕಲೆಂದು ಬಿಡಲೂ ಇಲ್ಲ. ಅದು ಸತ್ತುಹೋಯಿತು. ಇದನ್ನು ಕೇಳಿದ ನಾವು, ನಮ್ಮ ಮನೆಯಲ್ಲಿ ಯಾರೂ ಬೆಕ್ಕನ್ನು ಕಟ್ಟಿಹಾಕಿಲ್ಲವಲ್ಲ ಎಂದು ನೆಮ್ಮದಿಯಿಂದ ಎದ್ದು ಬರುತ್ತೇವೆ.

ಆದರೆ ಪ್ರವಾದಿವರ್ಯರ(ಸ) ಈ ಮಾತಿನಲ್ಲಿ ಎರಡು ದಾರಿಗಳಿರುವುದನ್ನು ಗಮನಿಸಿರಿ. ಒಂದೋ ಉಣಿಸಬೇಕು, ಇಲ್ಲವೇ ಅದು ತಾನೇ ಹುಡುಕಿಕೊಳ್ಳುವಂತೆ ಬಿಡಬೇಕು. ಗಟ್ಟಿಮುಟ್ಟಾದ ಬೆಕ್ಕಿಗೆ ಎರಡೂ ದಾರಿಗಳು ತೆರೆದಿವೆ. ಬೇನೆ ಬಿದ್ದು, ತಲೆ ಎತ್ತಲಾಗದೆ ಮೂಲೆ ಹಿಡಿದ ಬೆಕ್ಕಿಗೆ ಎರಡನೆಯ ದಾರಿ ಎಲ್ಲಿದೆ? ಅದನ್ನು ಹೊರಗೆ ಬಿಡುವುದಕ್ಕೆ ಬಿಡುಗಡೆ ಎಂಬ ಹೆಸರು ಸಲ್ಲುತ್ತದೆಯೇ?

ಘಟಪ್ರಭೆಯ ದಂಡೆಯ ನಮ್ಮ ಕೊಣ್ಣೂರಿನಂಥ ಊರುಗಳಲ್ಲಿ ಬೆಕ್ಕು ಸಾಕುವುದು ಹೆಚ್ಚಾಗಿ ಮುದ್ದಿಗಾಗಿ ಅಲ್ಲ. ಜೋಳ, ಗೋವಿನಜೋಳದ ಚೀಲಗಳನ್ನು ಇಲಿಗಳಿಂದ ಕಾಯಲೆಂದು. ಕಾಯುವಷ್ಟು ದಿನ ಅದಕ್ಕೆ ಒಂದು ಬಟ್ಟಲು ಹಾಲು ಸಿಗುತ್ತದೆ. ಮರಿ ಹಾಕಿತೋ, ಮರಿಗಳನ್ನು ಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತಾರೆ. ವಾಂತಿ ಮಾಡತೊಡಗಿತೋ, ಸಂತೆಯ ಬಯಲಿಗೆ. ಬಿಟ್ಟು ಬಂದೆವು ಎನ್ನುತ್ತಾರೆಯೇ ಹೊರತು ಕೊಂದು ಬಂದೆವು ಎಂದು ಯಾರೂ ಹೇಳುವುದಿಲ್ಲ.

ಹಿಜರಿ 660ರಲ್ಲಿ (ಕ್ರಿ.ಶ. 1262) ನಿಧನರಾದ ಮಹಾ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್(ರಹ) ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಹೇಳುವಾಗ ಈ ಪ್ರಶ್ನೆಯನ್ನು ಮೊದಲೇ ಬಗೆಹರಿಸಿದ್ದಾರೆ. ಪ್ರಾಣಿಯು ಮುದಿಯಾಗಿ ಅಥವಾ ರೋಗಕ್ಕೀಡಾಗಿ ಅದರಿಂದ ಯಾವ ಪ್ರಯೋಜನವೂ ಇಲ್ಲವಾದರೂ ಅದರ ಮೇಲೆ ಖರ್ಚು ಮಾಡುವುದು ಒಡೆಯನ ಹೊಣೆ ಎಂಬುದು ಅವರ ನಿಲುವು. ಇಲಿ ಹಿಡಿಯುವವರೆಗೆ ಮಾತ್ರ ಬೆಕ್ಕು ನಮ್ಮದು ಎಂಬ ಲೆಕ್ಕಾಚಾರಕ್ಕೆ ಇಲ್ಲಿ ಎಡೆಯಿಲ್ಲ.

ಬೆಕ್ಕಿಗೂ ಮನೆಗೂ ಇರುವ ಸಂಬಂಧವನ್ನು ತೋರಿಸುವ ಇನ್ನೊಂದು ಹದೀಸ್ ಇದೆ. ಹಝ್ರತ್ ಅಬೂ ಕತಾದಾ(ರ) ವುಝೂ ಮಾಡಲು ನೀರು ತರಿಸಿದಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಪಾತ್ರೆಯನ್ನೇ ಅದರತ್ತ ಬಾಗಿಸಿದರು. ಸೊಸೆ ಕಬ್ಶಾ ಅಚ್ಚರಿಯಿಂದ ನೋಡುತ್ತಿದ್ದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವಿಗಳಲ್ಲಿ ಸೇರಿದೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. (ಪ್ರವಾದಿಯವರ ಬಳಿ ಮುಈಝ್ಝಾ ಎಂಬ ಬೆಕ್ಕಿತ್ತು, ಅದು ಮಲಗಿದ್ದಾಗ ಅಂಗಿಯ ತೋಳನ್ನೇ ಕತ್ತರಿಸಿದರು ಎಂಬ ಕಥೆಗೆ ಹದೀಸ್ ಗ್ರಂಥಗಳಲ್ಲಿ ಆಧಾರವಿಲ್ಲ. ಸಹೀಹಾದುದು ಇಷ್ಟಿರುವಾಗ ಅದನ್ನು ಹೇಳುವ ಅಗತ್ಯವೂ ಇಲ್ಲ.)

ಹಿಂದಿನವರು ಈ ಹೊಣೆಯನ್ನು ಒಬ್ಬೊಬ್ಬರ ಮರ್ಜಿಗೆ ಬಿಟ್ಟಿರಲಿಲ್ಲ. 13ನೇ ಶತಮಾನದ ಸುಲ್ತಾನ್ ಬೈಬರ್ಸ್ ಕೈರೋದಲ್ಲಿ ಬೆಕ್ಕುಗಳ ಹೆಸರಿಗೆ ಒಂದು ತೋಟವನ್ನೇ ಬಿಟ್ಟುಹೋಗಿದ್ದನ್ನು 19ನೇ ಶತಮಾನದಲ್ಲಿ ಅಲ್ಲಿದ್ದ ಆಂಗ್ಲ ಲೇಖಕ ಎಡ್ವರ್ಡ್ ಲೇನ್ ದಾಖಲಿಸಿದ್ದಾನೆ. ಅದು ಹೊಟ್ಟೆಯ ಹಸಿವಿಗೆ. ಬೆಕ್ಕಿನ ಬೇನೆಗಾಗಿಯೇ ಇಂಥದೊಂದು ಏರ್ಪಾಡು ನಮ್ಮ ಕಾಲದಲ್ಲಿ ಅಮೆರಿಕದಲ್ಲಿ ನಡೆದಿದೆ. ನ್ಯೂಯಾರ್ಕ್ ರಾಜ್ಯದ ಇಥಾಕಾ ಪಟ್ಟಣದ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನಲ್ಲಿ 1974ರಲ್ಲಿ ಬೆಕ್ಕುಗಳ ಆರೋಗ್ಯಕ್ಕೆಂದೇ ಕೇಂದ್ರವೊಂದು ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಡಾ. ಫ್ರೆಡ್ ಸ್ಕಾಟ್. ಬೆಕ್ಕಿನ ರೋಗಗಳ ಸಂಶೋಧನೆಗೆ ಹಣ ಒದಗಿಸುವುದು, ವೈದ್ಯರಿಗೂ ಸಾಕುವವರಿಗೂ ತಿಳಿವಳಿಕೆ ನೀಡುವುದು ಅದರ ಕೆಲಸ. ಫೋನಿನಲ್ಲಿ ಸಲಹೆ ಕೊಡುವ ವಿಭಾಗವೂ ಇದ್ದು, ಅದಕ್ಕೆ ಡಾ. ಲೂಯಿ ಕಮೂಟಿಯವರ ಹೆಸರಿಟ್ಟಿದ್ದಾರೆ. ಕಮೂಟಿ ನ್ಯೂಯಾರ್ಕಿನಲ್ಲಿ ಮನೆಮನೆಗೆ ಹೋಗಿ ಬೆಕ್ಕುಗಳಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರು.

ಅಷ್ಟು ದೂರದ ಸಂಗತಿ ನಮಗೇಕೆ ಎನ್ನದಿರಿ. ಡಾ. ಸ್ಕಾಟ್ ಬಹುಕಾಲ ಅಧ್ಯಯನ ಮಾಡಿದ ಪ್ಯಾನ್‌ಲ್ಯೂಕೊಪೀನಿಯಾ ಎಂಬ ಬೇನೆಯೇ ನಮ್ಮ ಓಣಿಯ ಮರಿಗಳನ್ನೂ ಸಾಲುಸಾಲಾಗಿ ಕೊಲ್ಲಬಲ್ಲದು. ಮರಿ ಮಂಕಾಗುತ್ತದೆ, ಜ್ವರ ಬರುತ್ತದೆ, ವಾಂತಿ ಭೇದಿ ಆಗುತ್ತದೆ. ನೀರಿನ ಬಟ್ಟಲಿನ ಮುಂದೆಯೇ ಕುಳಿತಿರುತ್ತದೆ, ಕುಡಿಯಲಾಗುವುದಿಲ್ಲ. ನಮ್ಮಲ್ಲಿ ಕೆಲವರು ಇದಕ್ಕೆ ಕಣ್ಣುದೃಷ್ಟಿ ಎನ್ನುತ್ತಾರೆ. ಆದರೆ ಇದೊಂದು ವೈರಸ್. ರಕ್ತದ ಬಿಳಿಕಣಗಳನ್ನು ಇಳಿಸಿ, ಕರುಳನ್ನು ಕೆಡಿಸುತ್ತದೆ. ಅದನ್ನು ನೇರವಾಗಿ ಕೊಲ್ಲುವ ಸಾಮಾನ್ಯ ಔಷಧಿಯಿಲ್ಲ. ಸಲೈನ್ ಕೊಟ್ಟು, ಬೇರೆ ಸೋಂಕು ತಗಲದಂತೆ ನೋಡಿಕೊಂಡು ಬದುಕಿಸಬೇಕು. 2025ರ ಆರಂಭದಲ್ಲಿ ನಮ್ಮದೇ ರಾಜ್ಯದ ರಾಯಚೂರು ಜಿಲ್ಲೆಯಲ್ಲಿ ಈ ಬೇನೆಯಿಂದ ಬೆಕ್ಕುಗಳು ಸತ್ತ ವರದಿಗಳು ಪತ್ರಿಕೆಗಳಲ್ಲಿ ಬಂದವು. ಇದು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಸತ್ತ ಮರಿ ಮಲಗಿದ್ದ ಜಾಗದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸಾಬೂನಿಗೆ ಅದು ಸಾಯುವುದಿಲ್ಲ, ಬ್ಲೀಚ್ ದ್ರಾವಣದಿಂದ ತೊಳೆಯಬೇಕು. ಅದೇ ಬುಟ್ಟಿಯಲ್ಲಿ, ಅದೇ ಗೋಣಿಯ ಮೇಲೆ ಹೊಸ ಮರಿಯನ್ನು ತಂದು ಮಲಗಿಸುವುದು ಅದನ್ನು ಸಾವಿನ ಬಾಯಿಗೆ ಒಡ್ಡಿದಂತೆ.

ರೋಗ ಅಂಟುವುದಿಲ್ಲ, ಎಲ್ಲವೂ ವಿಧಿ ಎಂದು ಹೇಳಿ ಲಸಿಕೆಯನ್ನು ತಳ್ಳಿಹಾಕುವವರಿದ್ದಾರೆ. ರೋಗಕ್ಕೆ ತನ್ನದೇ ಸ್ವತಂತ್ರ ಶಕ್ತಿಯಿಲ್ಲ, ಅಲ್ಲಾಹನ ಇಚ್ಛೆಯಿಲ್ಲದೆ ಏನೂ ಆಗದು ಎಂಬುದು ನಮ್ಮ ವಿಶ್ವಾಸ, ಸರಿ. ಆದರೆ ರೋಗದ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿ ತರಬಾರದೆಂದು ತಡೆದವರೂ ಪ್ರವಾದಿವರ್ಯರೇ(ಸ). ಇದನ್ನು ವರದಿ ಮಾಡಿದವರು ಯಾರು ಗೊತ್ತೇ? ಬೆಕ್ಕಿನ ಮರಿಯ ಮೇಲಿನ ಪ್ರೀತಿಯಿಂದಲೇ ಆ ಹೆಸರು ಪಡೆದ ಹಝ್ರತ್ ಅಬೂ ಹುರೈರಾ(ರ).

ಮರಿಗೆ 6ರಿಂದ 8 ವಾರ ತುಂಬಿದಾಗ ಮೊದಲ ಲಸಿಕೆ, ಆಮೇಲೆ 16 ವಾರಗಳವರೆಗೆ ಮೂರು-ನಾಲ್ಕು ವಾರಗಳಿಗೊಮ್ಮೆ. ಒಂದು ಸೂಜಿಯಿಂದ ಏನಾದೀತು ಎನ್ನುವವರಿಗೆ ಹೇಳುತ್ತೇನೆ: ಡಾ. ಸ್ಕಾಟ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಿಯಿದ್ದಾಗ ಲಸಿಕೆ ಪಡೆದಿದ್ದ ಬೆಕ್ಕುಗಳು ಏಳೂವರೆ ವರ್ಷಗಳ ನಂತರವೂ ಈ ಬೇನೆಯಿಂದ ಸುರಕ್ಷಿತವಾಗಿದ್ದವು.

ಇನ್ನು ತಾಯಂದಿರಿಗೆ ಕೆಲವು ಮಾತು. ಬೆಕ್ಕಿಗೆ ಜ್ವರ ಬಂದರೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಹಾಲಿನಲ್ಲಿ ಕರಗಿಸಿ ಕುಡಿಸಬೇಡಿರಿ. ಕರುಣೆಯಿಂದಲೇ ಮಾಡುವ ಕೆಲಸವದು, ಆದರೆ ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಔಷಧಿಯ ವಿಷವನ್ನು ತೆಗೆಯುವ ಶಕ್ತಿಯಿಲ್ಲ. ಮಗುವಿಗೆ ಹಿತವಾಗುವ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಬರೀ ಹಾಲು-ಅನ್ನವೂ ಅದಕ್ಕೆ ಸಾಲದು. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಸತ್ವ ಸಿಗದಿದ್ದರೆ ಅದರ ಹೃದಯವೇ ಸೋಲುತ್ತದೆ. ಇದು 1987ರಲ್ಲಿ ಖಚಿತವಾಯಿತು. ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ಕೂಗುತ್ತಿದ್ದರೆ, ಮೂತ್ರ ಬರದಿದ್ದರೆ, ಅದನ್ನು ಗದರಿಸಿ ಓಡಿಸಬೇಡಿರಿ. ಮೂತ್ರ ಕಟ್ಟಿದ ಬೆಕ್ಕು ಎರಡು-ಮೂರು ದಿನಗಳಲ್ಲಿ ಸಾಯುತ್ತದೆ. ಅಂದೇ ದನದ ದವಾಖಾನೆಗೆ ಒಯ್ಯಬೇಕು.

ಸೊಸೆ ಗರ್ಭಿಣಿಯಾದಳೆಂದು ಬೆಕ್ಕನ್ನು ಹೊರಹಾಕುವ ಮನೆಗಳೂ ಇವೆ. ಟಾಕ್ಸೊಪ್ಲಾಸ್ಮಾ ಎಂಬ ಸೋಂಕಿನ ಭಯ ಸುಳ್ಳಲ್ಲ. ಆದರೆ ಅದು ಬೆಕ್ಕಿನ ಮಲದಿಂದ ಬರುತ್ತದೆ, ಮೈ ಮುಟ್ಟಿದರೆ ಬರುವುದು ಅಪರೂಪ. ಆ ಮಲವೂ ಸೋಂಕು ಹರಡುವಂತಾಗಲು ಒಂದರಿಂದ ಐದು ದಿನ ಬೇಕು. ದಿನಾಲೂ ಮನೆಯ ಬೇರೆಯವರು ಅದನ್ನು ತೆಗೆದರೆ, ಗರ್ಭಿಣಿ ಕೈ ತೊಳೆದು ಉಂಡರೆ, ಮಾಂಸ ಚೆನ್ನಾಗಿ ಬೆಂದಿದ್ದರೆ ಆಯಿತು. ಅರೆಬೆಂದ ಮಾಂಸದಿಂದಲೂ ಇದೇ ಸೋಂಕು ಬರುತ್ತದೆಂಬುದನ್ನು ನಾವು ಮರೆಯುತ್ತೇವೆ.

ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಫಿಕ್ಹ್‌ನಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಯೋಜನವಿದ್ದರೆ ಹನಫಿ ಗ್ರಂಥಗಳು ಅನುಮತಿಸುತ್ತವೆ, ನಿಮ್ಮ ಆಲಿಮರನ್ನು ಕೇಳಿರಿ. ಮರಿಗಳನ್ನು ಚೀಲದಲ್ಲಿ ಕಟ್ಟಿ ಎಸೆಯುವುದಕ್ಕೆ ಮಾತ್ರ ಯಾವ ಮದ್‌ಹಬಿನಲ್ಲೂ ಅನುಮತಿ ಸಿಗದು.

ರೇಬಿಸ್ ನಾಯಿಯಿಂದ ಮಾತ್ರ ಬರುವುದೆಂದು ತಿಳಿದವರು ಬಹಳ. ಬೆಕ್ಕು ಕಚ್ಚಿದರೂ ಪರಚಿದರೂ ಅಪಾಯ ಅದೇ. ಬೈಗುಳಕ್ಕೆ ಹೆದರಿ ಮಕ್ಕಳು ಹೇಳುವುದಿಲ್ಲ, ಆದ್ದರಿಂದ ನೀವೇ ಕೇಳಿರಿ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅರಿಶಿನ, ಸುಣ್ಣ ಏನನ್ನೂ ಹಚ್ಚದೆ, ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಕೊಡಿಸಿರಿ. ಬೆಕ್ಕಿಗೆ ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ ಹಾಕಿಸಬಹುದು. ದವಾಖಾನೆಗೆ ಒಯ್ಯುವಾಗ ಅದನ್ನು ಕೈಯಲ್ಲಿ ಹಿಡಿಯಬೇಡಿರಿ, ನಾಯಿಗಳನ್ನೂ ಎತ್ತುಗಳನ್ನೂ ಕಂಡರೆ ಹೆದರಿ ಪರಚುತ್ತದೆ. ಮುಚ್ಚಳವಿರುವ ಬುಟ್ಟಿಯಲ್ಲಿ ಹಳೆಯ ಬಟ್ಟೆ ಹಾಸಿ, ಗಾಳಿಯಾಡುವಂತೆ ಕಟ್ಟಿ ಒಯ್ಯಿರಿ.